ಕಥಿ ತಿದ್ದಿ ಬರೀರಿ ಅಂದ್ರ ಅದನ್ನೇ ದುಂಡಗ ಕಾಪಿ ಮಾಡಿ ಕೊಡ್ತಾರ, ಏನ್ ಮಾಡ್ಲಿ?

ಕುಷ್ಟಗಿ ಟೀಚರ್:

ಎಲ್ಲಾರ್ಗೂ ನಮಸ್ಕಾರ ರೀ. ಕುಷ್ಟಗಿ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಸಾಲ್ಯಾಗ 4 ಮತ್ತ 5ನೇ ಕ್ಲಾಸಿಗೆ ಕನ್ನಡ ತಗೋತೀನಿ, ಎರಡೂ ಕ್ಲಾಸ್ ಕೂಡಿ 38 ಹುಡುಗೂರು, ಒಂದೇ ಖೋಲಿ. ನಲಿ-ಕಲಿ (1ರಿಂದ 3ನೇ ಕ್ಲಾಸಿನ ಚಟುವಟಿಕಿ ಪಾಠ) ಮುಗಿಸಿ ಬಂದವ್ರು ಸ್ವಂತ ವಾಕ್ಯ ಬರೀತಾರ, ಅದ್ರ ಬಗ್ಗೆ ನಂದೇನು ತಕರಾರಿಲ್ಲ. ತೊಂದ್ರಿ ಬ್ಯಾರೆ ಐತಿ. ಆಗಾಗ 'ನಿಮ್ಮ ಅನುಭವ ಕಥಿ ಹಂಗ ಬರೀರಿ' ಅಂತ ಬರಸ್ತೀನಿ, ಜಾತ್ರಿ, ಪಂಚಮಿ ಜೋಕಾಲಿ, ಮಳಿ ಬಂದ ದಿನ, ಹಿಂಗ. ಬರೀತಾರ. ಆದ್ರ ಬರ್ದಿದ್ದನ್ನ ತಿದ್ರಿ, ಇನ್ನೊಂದ್ಸಲ ಚಂದ ಮಾಡಿ ಬರೀರಿ ಅಂದ ಕೂಡ್ಲೇ ಅದೇ ಕಥಿನ ಅಕ್ಷರ ದುಂಡಗ ಮಾಡಿ, ಸ್ಕೇಲ್ ಹಿಡಿದು ಮಾರ್ಜಿನ್ ಹೊಡ್ದು, ಕೆಳಗೊಂದು ಹೂವಿನ ಚಿತ್ರ ಹಾಕಿ ತಂದು ಕೊಡ್ತಾರ. ಒಂದು ಮಾತೂ ಬದ್ಲಾಗಿರಂಗಿಲ್ಲ. ನಾ ಕೆಂಪು ಪೆನ್ನಿನಾಗ ಗುರ್ತು ಹಾಕಿದ್ರ ಆ ಗುರ್ತು ಹಾಕಿದ್ದಷ್ಟೇ ಸರಿ ಮಾಡ್ತಾರ, ಅದೂ ಕೊಂಬು ದೀರ್ಘ ಒತ್ತಕ್ಷರ ಅಷ್ಟೇ.

ಮೊನ್ನೆ ಬಂದ ಒಂದು ಕಥಿ ಹಾಕ್ತೀನಿ, 5ನೇ ಕ್ಲಾಸಿನ ಹುಡುಗಿ ಬರ್ದಿದ್ದು:

'ನಾವು ಬೆಳಿಗ್ಗೆ ಬೇಗನೆ ಎದ್ದು ಹಲ್ಲುಜ್ಜಿ ಸ್ನಾನ ಮಾಡಿ ಹುಲಿಗಿ ಜಾತ್ರೆಗೆ ಹೋದೆವು. ಅಲ್ಲಿ ಬಹಳ ಜನ ಇದ್ದರು. ದೇವಿಯ ದರ್ಶನ ಮಾಡಿದೆವು. ಬಳೆ ಅಂಗಡಿ ಆಟಿಕೆ ಅಂಗಡಿ ಇದ್ದವು. ನನಗೆ ತುಂಬಾ ಸಂತೋಷವಾಯಿತು. ಮನೆಗೆ ಬಂದು ಊಟ ಮಾಡಿ ಮಲಗಿದೆವು.'

ತಪ್ಪು ಹುಡುಕಿದ್ರೂ ಸಿಗಂಗಿಲ್ಲ ನೋಡ್ರಿ. ಇದೇ ಹುಡುಗಿ ಬಿಸಿಯೂಟದ ಹೊತ್ತಿನಾಗ ಗೆಳತ್ಯಾರಿಗೆ ಹೇಳಾಕತ್ತಿದ್ಲು, ಜಾತ್ರ್ಯಾಗ ಅವ್ವನ ಕೈ ತಪ್ಪಿ ಹೋಗಿತ್ತಂತ, ಯಾರೋ ಬಳಿ ಮಾರೋ ಮುದುಕಿ ಈಕಿನ ತನ್ನ ಅಂಗಡ್ಯಾಗ ಕುಂದ್ರಿಸ್ಕೊಂಡಿತ್ತಂತ, ಅವ್ವ ಹುಡುಕ್ಕೊಂಡು ಬರೋ ಮಟ. ಎಲ್ಲಾರೂ ಊಟ ಬಿಟ್ಟು ಬಾಯಿ ತಕ್ಕೊಂಡು ಕೇಳಾಕತ್ತಿದ್ರು. ಹಾಳಿ ಮ್ಯಾಲ ಮಾತ್ರ ಅದ್ರ ಸುಳಿವೇ ಇಲ್ಲ! ಯಾಕವ್ವ ಇದನ್ನ ಬರೀಲಿಲ್ಲ ಅಂದ್ರ 'ಅದನ್ನ ಬರೀಬೇಕೇನ್ರಿ ಟೀಚರ್' ಅಂತ ನನ್ನೇ ಕೇಳಿದ್ಲು.

ಈ ವಯಸ್ಸಿನವ್ರಿಗೆ ತಮ್ಮ ಬರಹ ತಾವೇ ಮತ್ತ ನೋಡಿ ಬದ್ಲಿಸೋದು ಕಲಿಸಾಕ ಬರ್ತೈತೋ, ಇಲ್ಲಾ ಹೈಸ್ಕೂಲಿನ ಮಟ ಕಾಯಬೇಕೋ? ಪಿರೇಡ್ 40 ನಿಮಿಷ, ಮ್ಯಾಲ ಎಫ್‌ಎ (ವರ್ಷದ ನಡುವಿನ ರೂಪಣಾತ್ಮಕ ಮೌಲ್ಯಮಾಪನ) ದಾಖಲಿ ಬ್ಯಾರೆ. ಮಾಡಿ ನೋಡಿದವ್ರು ಹೇಳ್ರಿ.

---

ಸಿಂಧನೂರು ಮಾಸ್ತರ:

ಮೇಡಂರ, ಹೈಸ್ಕೂಲಿನ ಮಟ ಕಾಯಬ್ಯಾಡ್ರಿ, ಅಷ್ಟೊತ್ತಿಗೆ 'ಮಲಗಿದೆವು' ಅನ್ನೋದು ಗಟ್ಟಿ ಕುಂತಿರ್ತೈತಿ. 4ನೇ ಕ್ಲಾಸಿನವ್ರು ಮಾಡ್ತಾರ, ನಮ್ಮಲ್ಲಿ ಮಾಡ್ಯಾರ.

ಒಂದನೇ ಕ್ಲಾಸಿನಿಂದ ಅವ್ರಿಗೆ ತಿದ್ದೋದಂದ್ರ ಅಕ್ಷರ ತಿದ್ದೋದು ಅಂತ ರೂಢಿ ಆಗೇತಿ, ಅದಕ್ಕ ನೀವು ಹೇಳಿದಂಗೇ ಮಾಡಾಕತ್ತಾರ, ಅವ್ರದೇನೂ ತಪ್ಪಿಲ್ಲ. ಇನ್ನೊಂದು, ಹುಡುಗ್ರ ತಲ್ಯಾಗ ಕಥಿ ಪೂರ್ತಿ ಐತಿ, ಓದಿದಾಗ ಹಾಳಿ ಮ್ಯಾಲ ಇಲ್ಲದ್ದೂ ಅವ್ರಿಗೆ ಕಾಣ್ತೈತಿ. ಹಂಗಾಗಿ 'ಮತ್ತ ಓದಿ ನೋಡು, ಏನ್ ಬಿಟ್ಟೀದಿ' ಅಂದ್ರ ಏನೂ ಬಿಟ್ಟಿಲ್ಲ ಅಂತಾರ. ಜಾತ್ರಿಗೆ ಹೋಗದವ್ರು ಯಾರರೆ ಕೇಳಿದಾಗ ಮಾತ್ರ ಗೊತ್ತಾಗ್ತೈತಿ. ಬಿಸಿಯೂಟದಾಗ ಆಗಿದ್ದು ಅದೇ, ಎದುರಿಗೆ ಗೆಳತ್ಯಾರು ಇದ್ರು, 'ಆಮ್ಯಾಲ?' ಅಂತಿದ್ರು. ಹಾಳಿ ಎಲ್ಲಿ ಆಮ್ಯಾಲ ಅಂತೈತಿ.

ನಾವು ಮಾಡೋದು ಹಿಂಗ. ಮೊದ್ಲ ಬರಿಯೋವಾಗ್ಲೇ ಒಂದು ಗೆರಿ ಬಿಟ್ಟು ಒಂದು ಗೆರಿ ಬರಿಸ್ತೀನಿ, ಹಾಳಿಯ ಒಂದೇ ಬದಿಗೆ. ಪಾಲಕರು ನೋಟ್‌ಬುಕ್ ಜಲ್ದಿ ಖಾಲಿ ಆತು ಅಂತ ಬೈತಾರ, ಅದಕ್ಕ ಒಂದು ಬದಿ ಬರ್ದು ಬಿಸಾಕೋ ಆಫೀಸಿನ ಹಾಳಿ ತಂದಿಟ್ಕೊಂಡೀನಿ. ರಬ್ಬರ್ ಬಂದ್. ತಪ್ಪಾದ್ರ ಒಂದು ಗೆರಿ ಹೊಡಿ, ಮುಂದ ಹೋಗು. ಅಳಿಸಿದ್ರ ಮೊದ್ಲ ಏನಿತ್ತು ಅನ್ನೋದು ಅವನಿಗೂ ಇಲ್ಲ ನನಗೂ ಇಲ್ಲ.

ಮರುದಿನ, ಅವತ್ತೇ ಅಲ್ಲ, ಐದಾರು ಹುಡುಗ್ರ ಗುಂಪು ಮಾಡಿ ಒಬ್ಬ ತನ್ನದನ್ನ ಜೋರಾಗಿ ಓದ್ಬೇಕು. ಕೇಳಿದವ್ರು 'ಚಂದ ಐತಿ' ಅನ್ನಂಗಿಲ್ಲ, 'ಚಂದ ಇಲ್ಲ' ಅಂತೂ ಅನ್ನಂಗೇ ಇಲ್ಲ. ಒಬ್ಬೊಬ್ರು ಒಂದೊಂದು ಪ್ರಶ್ನಿ ಕೇಳ್ಬೇಕು ಅಷ್ಟೇ. ಇಲ್ಲೊಂದು ಗುಟ್ಟು ಐತ್ರಿ: ಕಥಿ ಬರ್ದವ ಆ ಪ್ರಶ್ನಿಗೆ ಬಾಯಾಗ ಉತ್ತರ ಕೊಡಂಗಿಲ್ಲ. ಪ್ರಶ್ನಿನ ಮಾರ್ಜಿನ್‌ನ್ಯಾಗ ಬರ್ಕೋಬೇಕು. ಬಾಯಾಗ ಹೇಳಿಬಿಟ್ರ ಹೇಳೋ ಹಸಿವು ಹೋಗ್ತೈತಿ, ಆಮ್ಯಾಲ ಬರೀ ಅಂದ್ರ ಸಪ್ಪ ಮಾರಿ ಮಾಡ್ತಾರ. ನಾಲ್ಕೈದು ಪ್ರಶ್ನಿ ಬಂದಿರ್ತಾವಲ್ಲ, ಅದ್ರಾಗ ತನಗ ಬೇಕಾದ ಒಂದೇ ಒಂದು ಆರಿಸ್ಕೊಂಡು ಉತ್ತರನ ಬ್ಯಾರೆ ಚೀಟ್ಯಾಗ ಬರ್ದು, ಕಥ್ಯಾಗ ಅದು ಎಲ್ಲಿ ಬರ್ಬೇಕೋ ಅಲ್ಲಿ ಚುಕ್ಕಿ ಗುರ್ತು ಹಾಕಿ ಅಂಟಿಸ್ಬೇಕು. ಪೂರ್ತಿ ಕಥಿ ಮತ್ತ ಬರೀಬೇಕಾಗಿಲ್ಲ. ಇದನ್ನ ಕೇಳಿದ ಕೂಡ್ಲೇ ಹುಡುಗ್ರು ಕುಣೀತಾರ, ಯಾಕಂದ್ರ ಅವ್ರಿಗೆ ತಿದ್ದೋದ್ರ ಮ್ಯಾಲ ಸಿಟ್ಟಿಲ್ಲ, ಮೊದ್ಲಿಂದ ಕೊನಿಮಟ ಮತ್ತ ಬರಿಯೋದ್ರ ಮ್ಯಾಲ ಸಿಟ್ಟು. ದೊಡ್ಡವರಾದ ನಮಗೂ ಅಷ್ಟೇ ಅಲ್ಲೇನ್ರಿ, ವರದಿ ಮತ್ತೊಮ್ಮೆ ಬರ್ದು ಕೊಡ್ರಿ ಅಂದ್ರ ಸಾಲಿ ನೋಡಾಕ ಬರೋ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮ್ಯಾಲ ಎಷ್ಟು ಸಿಟ್ಟು ಬರ್ತೈತಿ.

ಒಂದು ಉದಾಹರಣಿ ಹೇಳ್ತೀನಿ. 2024ರ ಆಗಸ್ಟ್ 10ರ ರಾತ್ರಿ ಟಿಬಿ ಡ್ಯಾಮಿನ 19ನೇ ಗೇಟು ಚೈನ್ ಕಡಿದು ಕೊಚ್ಕೊಂಡು ಹೋತಲ್ಲ, ಆ ವಾರ ನಮ್ಮ ಹುಡುಗ್ರು ಎಲ್ಲಾರೂ ಅದನ್ನೇ ಬರ್ದ್ರು. ಒಬ್ಬ ಹುಡುಗಂದು ಪೂರ್ತಿ ಟಿವಿ ಸುದ್ದಿ: 'ತುಂಗಭದ್ರಾ ಜಲಾಶಯಕ್ಕೆ 33 ಗೇಟುಗಳಿವೆ. 19ನೇ ಗೇಟು ಮುರಿಯಿತು. ನದಿಪಾತ್ರದ ಜನರು ಎಚ್ಚರಿಕೆಯಿಂದ ಇರಬೇಕು.' ಗುಂಪಿನಾಗ ಒಬ್ಬಾಕಿ ಕೇಳಿದ್ಲು, 'ಅವಾಗ ನೀ ಎಲ್ಲಿದ್ದಿ?' ಅಷ್ಟೇ ಕೇಳಿದ್ದು. ಅವ ಹೊಳಿ ದಂಡಿಯ ಅಜ್ಜನ ಊರಾಗಿದ್ದನಂತ. ಚೀಟ್ಯಾಗ ಬರ್ಕೊಂಡು ಬಂದ: ಅಜ್ಜಗ ಫೋನ್ ಬಂತು, ಅಜ್ಜ ಅಂಗಿ ಹಾಕ್ಕೊಳ್ಳದ ಓಡಿದ, ಕರೆಂಟ್ ಮೋಟರ್ ಹೊಳ್ಯಾಗಿಂದ ಮ್ಯಾಲ ಎಳೀಬೇಕಿತ್ತು, ನನಗ ಬ್ಯಾಟರಿ ಹಿಡಿ ಅಂದ್ರು, ನನ್ನ ಕೈ ನಡುಗಿ ಬೆಳಕು ಎಲ್ಲೆಲ್ಲೋ ಹೋಗಾಕತ್ತಿತ್ತು, ಅಜ್ಜ ಬೈದ. ಆ ಚೀಟಿ ಬಂದ ಮ್ಯಾಲ 33 ಗೇಟು ಎಲ್ಲಿ ಇಡ್ಬೇಕು ಅಂತ ಅವನಿಗೇ ತಿಳೀಲಿಲ್ಲ, ತಾನೇ ಗೆರಿ ಹೊಡ್ದ. ನಾ ಹೇಳಿಲ್ಲ.

ಟೈಮಿನ ಬಗ್ಗೆ: 38 ಮಂದಿದೂ ಒಂದೇ ದಿನ ಮಾಡಾಕ ಹೋಗಬ್ಯಾಡ್ರಿ, ಸಾಯ್ತೀರಿ. ದಿನಕ್ಕ ಒಂದು ಗುಂಪು, ಉಳಿದವ್ರಿಗೆ ಓದಾಕ ಪುಸ್ತಕ ಕೊಡ್ರಿ. ಮತ್ತ ಮೊದ್ಲ ಬಲಿ ನೀವೇ ಆಗ್ರಿ. ಬೋರ್ಡಿನ ಮ್ಯಾಲ ನಿಮ್ಮದೇ ಒಂದು ಸಪ್ಪನ ಕಥಿ ಬರೀರಿ, ಹುಡುಗ್ರಿಂದ ಪ್ರಶ್ನಿ ಕೇಳಿಸ್ಕೊಳ್ರಿ, ಅವ್ರ ಎದುರಿಗೇ ಹೊಡ್ದು ಸೇರಿಸ್ರಿ. ಟೀಚರ್ ಬರ್ದಿದ್ದಕ್ಕೂ ಕಾಟು ಬೀಳ್ತೈತಿ ಅಂತ ನೋಡಿದ್ರ ಅರ್ಧ ಕೆಲ್ಸ ಆದಂಗ.

---

ಬಳ್ಳಾರಿ ನಿವೃತ್ತ ಹೆಚ್‌ಎಂ:

ತಂಗಿ, ಎಲ್ಲಾ ಓದಿದೆ. ಚೀಟಿ, ಗುಂಪು, ಪ್ರಶ್ನೆ ಎಲ್ಲಾ ಚೆನ್ನಾಗಿದೆ. ಆದ್ರೆ ನಾನು ಬಹಳ ವರ್ಷ ಎಸ್ಸೆಸ್ಸೆಲ್ಸಿ ಪೇಪರ್ ನೋಡಿದವನು, ಅಲ್ಪಪ್ರಾಣ ಮಹಾಪ್ರಾಣ ಗೊತ್ತಿಲ್ಲ, ಒತ್ತಕ್ಷರ ಎಲ್ಲಿ ಕೊಡಬೇಕು ಗೊತ್ತಿಲ್ಲ, ಪೂರ್ಣವಿರಾಮ ಅನ್ನೋದು ಪುಟಕ್ಕೆ ಒಂದು. ಅಂಥವರು ಪಾಸ್ ಆಗೋಕೆ ಒದ್ದಾಡೋದನ್ನ ಕಣ್ಣಾರೆ ಕಂಡಿದೀನಿ. ಕಥೆಗೆ ಜೀವ ಇರಲಿ, ಬೇಡ ಅಂದೋರ್ಯಾರು, ಆದ್ರೆ ಪ್ರೈಮರಿಯಲ್ಲಿ ಕಾಗುಣಿತ ಗಟ್ಟಿ ಆಗಲಿಲ್ಲ ಅಂದ್ರೆ ಮುಂದೆ ಯಾರೂ ಕಲಿಸಲ್ಲ. ನಮ್ಮ ಕಾಲದಲ್ಲಿ ದಿನಾ ಉಕ್ತಲೇಖನ, ದಿನಾ ಒಂದು ಪುಟ ಶುದ್ಧ ಬರಹ. ಈಗ ತಪ್ಪನ್ನ ತಪ್ಪು ಅನ್ನೋಕೂ ಹೆದರ್ತಾರೆ.

ಇನ್ನೊಂದು ವಿಷಯ. ಗೆರೆ ಹೊಡೆದ, ಚೀಟಿ ಅಂಟಿಸಿದ ಹಾಳೆ ಮನೆಗೆ ಹೋದ್ರೆ ಎಸ್‌ಡಿಎಂಸಿ (ಪಾಲಕರಿರೋ ಶಾಲಾ ಉಸ್ತುವಾರಿ ಸಮಿತಿ) ಮೆಂಬರ್ ಬಂದು 'ಟೀಚರ್ ಏನೂ ತಿದ್ದಂಗಿಲ್ಲ, ಪಗಾರ ಮಾತ್ರ ತಗೊಳ್ತಾರ' ಅಂತಾನೆ. ಅದಕ್ಕೂ ಒಂದು ಉತ್ತರ ರೆಡಿ ಇಟ್ಕೋ.

---

ಸಿಂಧನೂರು ಮಾಸ್ತರ:

ಸರ್, ಕಾಗುಣಿತ ಬ್ಯಾಡ ಅಂತ ನಾ ಎಲ್ಲೂ ಅಂದಿಲ್ರಿ, ಅದು ಕೊನೀ ದಿನದ ಕೆಲ್ಸ ಅಂತ ಅಷ್ಟೇ. ಮೊದ್ಲೇ ಒತ್ತಕ್ಷರ ಎಲ್ಲಾ ಸರಿ ಮಾಡಿಸಿಬಿಟ್ರ ಆ ಸಾಲು ಆಮ್ಯಾಲ ಹೊಡ್ದು ಹಾಕಾಕ ಹುಡುಗನಿಗೆ ಮನಸ್ಸು ಬರಂಗಿಲ್ಲ, ಇಷ್ಟು ಕಷ್ಟಪಟ್ಟು ಸರಿ ಮಾಡೀನಿ ಅಂತಾನ. ಇನ್ನೊಂದು ನಿಮಗೂ ಗೊತ್ತಿರೋದೇ: ತಪ್ಪಿಗೆ ಹೆದರಿದ ಹುಡುಗ ತನಗ ಖಾತ್ರಿ ಬರಿಯಾಕ ಬರೋ ಶಬ್ದ ಅಷ್ಟೇ ಬಳಸ್ತಾನ. 'ತುಂಬಾ ಸಂತೋಷವಾಯಿತು' ಯಾಕ ಎಲ್ಲಾರ ಕಥ್ಯಾಗ ಬರ್ತೈತಿ? ಪಾಠದಾಗ ಓದಿ ಬಾಯಿಪಾಠ ಆಗೇತಿ, ತಪ್ಪಾಗಂಗಿಲ್ಲ ಅನ್ನೋ ಧೈರ್ಯ. 'ಗಂಟ್ಲ ಬಿಗೀತು' ಬರೀಬೇಕಂದ್ರ ಒತ್ತು ಎಲ್ಲಿ, ಸೊನ್ನಿ ಎಲ್ಲಿ ಅಂತ ಅಂಜಿಕಿ, ಅದಕ್ಕ ಸಂತೋಷದ ದಾರಿ ಹಿಡೀತಾನ. ಕಥಿ ನಿಂತ ಮ್ಯಾಲ ಕಾಗುಣಿತ ನೋಡಿದ್ರ ತನ್ನ ಕಥಿಗೆ ಬೇಕಂತ ಆಸಕ್ತಿಯಿಂದ ನೋಡ್ತಾನ.

ಎಸ್‌ಡಿಎಂಸಿ ಮಾತು ಮಾತ್ರ ನೂರಕ್ಕ ನೂರು ಖರೆ ಸರ್, ಅದಕ್ಕ ನನ್ನ ಹತ್ರ ಉತ್ತರ ಇಲ್ಲ 😀

---

ಸಿರುಗುಪ್ಪ ಕಡೆಯವಳು:

ನಾನೂ ಟೀಚರ್ ರೀ, ಸಿರುಗುಪ್ಪ ತಾಲೂಕು. ಸಿಂಧನೂರು ಸರ್ ಹೇಳಿದ್ದು ಓದಾಕ ಬರಿಯಾಕ ಸಲೀಸಾಗಿ ಬರೋ ಹುಡುಗ್ರಿಗೆ ಸರಿ ಐತೆ. ನನ್ನ ಕ್ಲಾಸಲ್ಲಿ ಮನ್ಯಾಗೆ ತೆಲುಗು ಮಾತಾಡೋರು, ಉರ್ದು ಮಾತಾಡೋರು, ತಾಂಡಾದಿಂದ ಬರೋರು, ಎಲ್ಲಾ ಕಲೆಸಿ ಅದಾರೆ. ಪುಸ್ತಕದ ಕನ್ನಡ ಎಲ್ಲರಿಗೂ ದೂರಾನೇ, ಮನ್ಯಾಗೆ ಕನ್ನಡ ಮಾತಾಡೋರಿಗೂ. ಗೆಳೆಯನ ಪ್ರಶ್ನೆ ಬರ್ಕೊಳ್ಳೋದೇ ಅವರಿಗೆ ಒಂದು ದೊಡ್ಡ ಕೆಲಸ ಆಗ್ಬಿಡುತ್ತೆ.

ಹಂಗಾಗಿ ನಾನು ಫೋನ್ ಬಳಸ್ತೀನಿ. ಮೊದಲು ಕಥೆ ಬಾಯಲ್ಲಿ ಹೇಳಿಸಿ ರೆಕಾರ್ಡ್ ಮಾಡ್ಕೊತೀನಿ, ಯಾವ ಭಾಷೆ ಬೆರೆಸಿದ್ರೂ ನಡೀತೈತೆ. ಆಮೇಲೆ ಬರೀತಾರೆ. ಮರುದಿನ ಆ ಹುಡುಗ ಅಥವಾ ಹುಡುಗಿ ನನ್ನ ಪಕ್ಕ ಕೂತು ತನ್ನ ದನಿ ತಾನೇ ಕೇಳ್ಕೊಂತ, ತಾನು ಬರೆದಿದ್ದರ ಮೇಲೆ ಬೆರಳಿಟ್ಟು ಸಾಗಬೇಕು. ಬಾಯಲ್ಲಿ ಹೇಳಿದ್ದು ಹಾಳೆ ಮೇಲೆ ಇಲ್ಲ ಅನ್ನೋ ಜಾಗ ಬಂದ ಕೂಡ್ಲೇ ಬೆರಳು ನಿಂತುಬಿಡುತ್ತೆ, ಅವರೇ ನನ್ನ ಮುಖ ನೋಡ್ತಾರೆ. ನಾನು ಏನೂ ಹೇಳಬೇಕಾಗಿಲ್ಲ. ತಮ್ಮ ದನಿ ಕೇಳಿ ಮೊದಲ ಸಲ ಎಲ್ಲರೂ ನಗ್ತಾರೆ, ಅದಕ್ಕೆ ಒಂದು ದಿನ ಸುಮ್ನೆ ಬಿಟ್ಟುಬಿಡ್ರಿ, ನಕ್ಕು ಮುಗೀಲಿ.

ಇನ್ನೊಂದು, ಯಾರು ಏನಂದ್ರು ಅನ್ನೋದನ್ನ ಸೇರಿಸೋಕೆ ಹೇಳ್ರಿ, ಒಂದೇ ಒಂದು ಮಾತು ಸಾಕು. 'ಅಮ್ಮ ನನಗೆ ಬೈದಳು' ಅಂತ ಬರೆದಿದ್ದ ಹುಡುಗಿಗೆ ಏನಂತ ಬೈದ್ರು ಅಂತ ಕೇಳಿದ್ರೆ ಮುಸಿಮುಸಿ ನಗ್ತಾ ತೆಲುಗಲ್ಲಿ ಹೇಳಿದ್ಲು. ಅದನ್ನೇ ಕನ್ನಡ ಅಕ್ಷರದಲ್ಲಿ ಬರೀ ಅಂದೆ. ಪುಸ್ತಕದ ಕನ್ನಡದಲ್ಲಿ ಬೈಸಿದ್ರೆ ಆ ತಾಯಿ ಸರ್ಕಾರಿ ನೋಟಿಸ್ ಓದಿದಂಗೆ ಇರ್ತಿತ್ತು. ಕಥೆ ಹೇಳೋ ಸಾಲು ಪುಸ್ತಕದ ಕನ್ನಡದಲ್ಲಿರಲಿ, ಪರೀಕ್ಷೆಗೆ ಬೇಕು, ಮಾತು ಮಾತ್ರ ಮನೆಯಂಗೇ ಇರಲಿ ಅಂತ ನಾನು ಒಂದು ಲೆಕ್ಕ ಇಟ್ಕೊಂಡೀನಿ.

ಗುಳೆ (ಅಪ್ಪ-ಅಮ್ಮನ ಜೊತೆ ಕೂಲಿಗೆ ದೂರದ ಊರಿಗೆ) ಹೋಗಿ ಬಂದ ಹುಡುಗ್ರ ವಿಷಯದಲ್ಲಿ ಸ್ವಲ್ಪ ಹುಷಾರಾಗಿರ್ರಿ. ಅವರ ಹತ್ರ ಎಲ್ಲರಿಗಿಂತ ಜಾಸ್ತಿ ಕಥೆ ಇರ್ತಾವೆ, ಬರೆಯೋದು ಮಾತ್ರ 'ಬೆಂಗಳೂರು ದೊಡ್ಡ ನಗರ, ಅಲ್ಲಿ ವಿಧಾನಸೌಧ ಇದೆ' ಅಂತ. ಒಬ್ಬನಿಗೆ 'ರಾತ್ರಿ ಎಲ್ಲಿ ಮಲಗ್ತಿದ್ರಿ' ಅಂತ ಗುಂಪಿನಲ್ಲಿ ಯಾರೋ ಕೇಳಿದ್ರು, ಅವನು ತಲೆ ಬಗ್ಗಿಸಿದ. ಅಂಥ ಪ್ರಶ್ನೆಗೆ ಉತ್ತರ ಬರೀಲೇಬೇಕು ಅಂತ ಇಲ್ಲ ಅನ್ನೋದನ್ನ ಮೊದಲೇ ಎಲ್ಲರಿಗೂ ಹೇಳಿರಬೇಕು, ಸರ್ ಹೇಳಿದಂಗೆ ಬೇಕಾದ್ದು ಆರಿಸ್ಕೊಳ್ಳೋ ಹಕ್ಕು ಬರೆದವರದ್ದೇ. ಅವನು ಕೊನೆಗೆ ಕ್ರೇನ್ ಬಗ್ಗೆ ಬರೆದ. ಚೆನ್ನಾಗೇ ಬರೆದ.

---

ಡೆಸ್ಕ್ ಮ್ಯಾನ್:

ನಾನು ಟೀಚರ್ ಅಲ್ಲ, ಬಳ್ಳಾರಿಯಲ್ಲಿ ಪತ್ರಿಕೆ ಡೆಸ್ಕ್ ಕೆಲಸ. ಮಗಳು 5ನೇ ಕ್ಲಾಸು ಅಂತ ಇಲ್ಲಿ ಇಣುಕಿದೆ. ಎಲ್ಲರೂ ಸೇರಿಸೋದರ ಬಗ್ಗೆನೇ ಹೇಳ್ತಿದೀರಿ, ತೆಗೆಯೋದರ ಬಗ್ಗೆ ಯಾರೂ ಹೇಳ್ತಿಲ್ಲ. ಆ ಡ್ಯಾಂ ಹುಡುಗ ಒಬ್ಬನೇ ಗೆರೆ ಹೊಡೆದಿದ್ದು.

'ಬೆಳಿಗ್ಗೆ ಬೇಗನೆ ಎದ್ದು ಹಲ್ಲುಜ್ಜಿ' ಓದಿ ನನಗೆ ನಗು ಬಂತು, ಯಾಕಂದ್ರೆ ನಮ್ಮ ಬಿಡಿ ಸುದ್ದಿಗಾರರು ಕಳಿಸೋ ಕಾಪಿಯೂ ಥೇಟ್ ಹಂಗೇ ಇರುತ್ತೆ. 'ಇಂದು ಬೆಳಿಗ್ಗೆ 10 ಗಂಟೆಗೆ ಗಣ್ಯರು ದೀಪ ಬೆಳಗಿಸುವ ಮೂಲಕ ಕಾರ್ಯಕ್ರಮ ಉದ್ಘಾಟಿಸಿದರು' ಅಂತ ಶುರು, ಪ್ರಾರ್ಥನೆ ಯಾರು ಹಾಡಿದ್ರು, ಸ್ವಾಗತ ಯಾರು ಮಾಡಿದ್ರು, ವೇದಿಕೆ ಮೇಲೆ ಯಾರ್ಯಾರಿದ್ರು, ಕೊನೆಗೆ ಎಂಟನೇ ಪ್ಯಾರಾದಲ್ಲಿ ರೈತನೊಬ್ಬ ಎದ್ದು ನಿಂತು ಕಾಲುವೆಗೆ ನೀರು ಬಂದಿಲ್ಲ ಅಂತ ಗಲಾಟೆ ಮಾಡಿದ್ದು! ಸುದ್ದಿ ಅದೇ ಸ್ವಾಮಿ. ನಮ್ಮ ಕೆಲಸ ಆ ಎಂಟನೇ ಪ್ಯಾರಾನ ಮೇಲಕ್ಕೆ ತರೋದು.

ಮಗಳ ಜೊತೆ ಮನೆಯಲ್ಲಿ ಮಾಡೋದು ಹೇಳ್ತೀನಿ. ಅವಳು ಬರೆದ ಪುಟದ ಮೇಲೆ ಸ್ಕೇಲ್ ಇಟ್ಟು ಮೊದಲ ಸಾಲು ಮುಚ್ಚು ಅಂತೀನಿ, ಎರಡನೇ ಸಾಲಿಂದ ಓದು, ಕಥೆ ಅರ್ಥ ಆಗುತ್ತಾ? ಆಗುತ್ತೆ. ಎರಡನೇದೂ ಮುಚ್ಚು. ಆಗುತ್ತೆ. ಹಿಂಗೇ ಇಳ್ಕೊಂತ ಹೋಗೋದು, ಎಲ್ಲಿ 'ಅಪ್ಪಾ ಇದನ್ನ ಮುಚ್ಚಿದ್ರೆ ಏನೂ ಗೊತ್ತಾಗಲ್ಲ' ಅಂತಾಳೋ ಅದೇ ಕಥೆಯ ಮೊದಲ ಸಾಲು. ಕೆಳಗಿಂದಲೂ ಹಂಗೇ, 'ಮಲಗಿದೆವು' ಮುಚ್ಚು, 'ಊಟ ಮಾಡಿದೆವು' ಮುಚ್ಚು. ಹುಲಿಗಿ ಹುಡುಗಿ ಕಥೆಗೆ ಇದನ್ನ ಮಾಡಿದ್ರೆ ಸದ್ಯಕ್ಕೆ ಏನೂ ಉಳಿಯಲ್ಲ ಅನ್ನಿ, ಅದಕ್ಕೇ ಮೊದಲು ಸೇರಿಸೋದು, ಆಮೇಲೆ ಮುಚ್ಚೋದು.

ಮುಚ್ಚೋದೇ ಮಾಡಿಸಿ, ಹೊಡೆಯೋದು ಬೇಡ. ಸ್ಕೇಲ್ ತೆಗೆದ್ರೆ ಸಾಲು ಅಲ್ಲೇ ಇದೆ ಅನ್ನೋ ಸಮಾಧಾನ ಇರುತ್ತೆ. ದೊಡ್ಡ ದೊಡ್ಡ ವರದಿಗಾರರೇ ಒಂದು ಪ್ಯಾರಾ ಹೋಯ್ತು ಅಂತ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಜಗಳ ಆಡ್ತಾರೆ, ಹತ್ತು ವರ್ಷದ ಮಗು ಪಾಪ ಏನ್ ಮಾಡುತ್ತೆ. ಮತ್ತೆ ದಯವಿಟ್ಟು ನೀವೇ ಕತ್ತರಿ ಹಾಕಬೇಡಿ, ನಮ್ಮಂಗೆ ಆಗ್ತೀರಿ.

---

ಕುಷ್ಟಗಿ ಟೀಚರ್:

ಎಲ್ಲಾರ್ಗೂ ಥ್ಯಾಂಕ್ಸ್ ರೀ. ಇಷ್ಟು ದಿನ ಬರೀಲಿಲ್ಲ ಯಾಕಂದ್ರ ಮಾಡಿ ನೋಡಿ ಹೇಳೋಣಂತ ಸುಮ್ನಿದ್ದೆ.

ಮೊದ್ಲ ಬೋರ್ಡಿನ ಮ್ಯಾಲ ನಂದೇ ಬರ್ದೆ, 'ನಾನು ನಿನ್ನೆ ಬಸ್ಸಿನಲ್ಲಿ ಊರಿಗೆ ಹೋದೆನು, ಬಸ್ಸು ತುಂಬಿತ್ತು, ಕಷ್ಟವಾಯಿತು.' ಹುಡುಗೂರಿಗೆ ಟೀಚರ್‌ಗೆ ಪ್ರಶ್ನಿ ಕೇಳೋದಂದ್ರ ಹಬ್ಬ. ಕುಂತಿದ್ರೋ ನಿಂತಿದ್ರೋ, ಪಕ್ಕದಾಗ ಯಾರಿದ್ರು, ಶಕ್ತಿ ಟಿಕೆಟ್ಟೋ ರೊಕ್ಕ ಕೊಟ್ರೋ, ವಾಂತಿ ಆತೇನ್ರಿ! ಎಲ್ಲಾ ಬೋರ್ಡಿನ ಮ್ಯಾಲ ಬರ್ಕೊಂಡೆ. ಆಮ್ಯಾಲ ಗುಂಪು. ಶುರುವಿಗೆ ಗಂಡು ಹುಡುಗೂರ ಪ್ರಶ್ನಿ ಬರೇ 'ಎಷ್ಟು ರೂಪಾಯಿ?' ಜಾತ್ರಿಗೆ ಎಷ್ಟು ರೂಪಾಯಿ, ಜೋಕಾಲಿಗೆ ಎಷ್ಟು ರೂಪಾಯಿ. ಸಿಟ್ಟು ಬಂತು ಖರೆ, ಆದ್ರ ಸುಮ್ನ ನೋಡೋಣಂತ ಬಿಟ್ಟೆ. ಆ ಪ್ರಶ್ನಿಯಿಂದನ ಒಬ್ಬ ಬರ್ದ, ಅಪ್ಪ ಮಿರ್ಚಿ ಒಗ್ಗರಣಿ ತಿನ್ನಾಕ ಕೊಟ್ಟ 20 ರೂಪಾಯಿನ ತಿನ್ನದ ಹಂಗೇ ಚಡ್ಡಿ ಕಿಸೇದಾಗ ಇಟ್ಕೊಂಡು ತಂಗಿಗೆ ಪೀಪಿ ತಂದ ಅಂತ. ಅದು ಮೊದ್ಲಿನ ಕಥ್ಯಾಗ 'ಆಟಿಕೆ ತೆಗೆದುಕೊಂಡೆವು' ಅಂತಿತ್ತು ಅಷ್ಟೇ.

ಹುಲಿಗಿ ಹುಡುಗಿ ಬಗ್ಗೆ ಎಲ್ಲಾರೂ ಕೇಳ್ತೀರಿ ಅಂತ ಗೊತ್ತು. ಆಕಿಗೆ ಬಂದ ಪ್ರಶ್ನಿ 'ಅವ್ವ ಅಲ್ಲಂತ ಯಾವಾಗ ಗೊತ್ತಾತು?' ಅಂತ. ಚೀಟ್ಯಾಗ ಬರ್ಕೊಂಡು ಬಂದಿದ್ದು ಇದು, ಕಾಗುಣಿತ ಅಷ್ಟೇ ಸರಿ ಮಾಡೀನಿ:

'ನಾನು ಅವ್ವನ ಸೀರೆ ಅಂತ ಬೇರೆಯವರ ಸೀರೆ ಹಿಡಿದುಕೊಂಡಿದ್ದೆ. ಅವರು ತಿರುಗಿದರು. ಅವ್ವ ಅಲ್ಲ. ನಾನು ಸೀರೆ ಬಿಡಲಿಲ್ಲ. ಬಳೆ ಮಾರುವ ಅಜ್ಜಿ ಬಾ ಇಲ್ಲಿ ಅಂದಳು. ಬಳೆಗಳ ನಡುವೆ ಕೂರಿಸಿದಳು. ಅಲುಗಾಡಬ್ಯಾಡ ಬಳಿ ಒಡಿತಾವ ಅಂದಳು. ನಾನು ಅಲುಗಾಡಲಿಲ್ಲ. ಅಳಲೂ ಇಲ್ಲ, ಅತ್ತರೆ ಅಲುಗಾಡುತ್ತದೆ.'

ಕಡೀ ಸಾಲು ಓದಿ ನಮ್ಮ ಹೆಡ್‌ಮಾಸ್ತರು ಇದನ್ನ ಯಾರೋ ಬರ್ದು ಕೊಟ್ಟಾರ ಅಂದ್ರು. ಸ್ಕೇಲ್ ಇಟ್ಟು ಮುಚ್ಚಿಸಿದಾಗ ಹಲ್ಲುಜ್ಜೋದು ಹೋತು, ಆದ್ರ 'ದೇವಿಯ ದರ್ಶನ ಮಾಡಿದೆವು' ಮಾತ್ರ ಮುಚ್ಚಾಕ ಒಪ್ಲಿಲ್ಲ, ದೇವ್ರದು ತೆಗೀಬಾರ್ದ್ರಿ ಅಂದ್ಲು. ಇರ್ಲಿ ಬಿಡು ಅಂದೆ.

ಎಫ್‌ಎಗೆ ಒಂದು ದಾರಿ ಸಿಕ್ತು. ಮೊದ್ಲಿನ ಹಾಳಿ, ಚೀಟಿ, ಕಡೀ ಹಾಳಿ ಮೂರೂ ಕೂಡ್ಸಿ ಕೃತಿ ಸಂಪುಟದಾಗ (ಹುಡುಗೂರ ಕೆಲ್ಸ ಕೂಡಿಸಿಡೋ ಫೈಲಿನಾಗ) ಇಡಾಕತ್ತೀನಿ, ಯಾರರೆ ನೋಡಾಕ ಬಂದ್ರ ಮೂರೂ ತೋರಿಸ್ತೀನಿ. ಬಳ್ಳಾರಿ ಸರ್, ಎಸ್‌ಡಿಎಂಸಿಗೂ ಇದೇ ಉತ್ತರ ಆಗ್ತೈತಿ ಅನ್ಕೊಂಡೀನಿ.

ಈಗ ಎರಡು ತೊಂದ್ರಿ ಉಳಿದಾವ. ಒಬ್ಬ ಹುಡುಗನಿಗೆ ಎಷ್ಟು ಪ್ರಶ್ನಿ ಬಂದ್ವೋ ಎಲ್ಲಾದ್ಕೂ ಉತ್ತರ ಬರ್ದು ಕಥಿ ಮೂರು ಪುಟ ಮಾಡ್ಯಾನ, ಜಾತ್ರ್ಯಾಗಿನ ಅಂಗಡಿ ಒಂದೂ ಬಿಟ್ಟಿಲ್ಲ, ಓದಿದ್ರ ಸಂತಿ ಚೀಟಿ ಓದಿದಂಗ ಆಗ್ತೈತಿ, ಅವ ಮಾತ್ರ ಎಲ್ಲಾರಿಗಿಂತ ಉದ್ದ ಬರ್ದೀನಿ ಅಂತ ಕುಣ್ಯಾಕತ್ತಾನ. ಇನ್ನೊಬ್ಬಾಕಿ, ಓದಾಕ ಬರಿಯಾಕ ಎಲ್ಲಾರಿಗಿಂತ ಚುರುಕು, ತನ್ನ ಕಥಿಗೆ ಕೈನೇ ಹಚ್ಚಂಗಿಲ್ಲ. 'ಇದು ಹಿಂಗ ಇರ್ಲಿ ಟೀಚರ್, ನನಗ ಹಿಂಗ ಬೇಕು' ಅಂತಾಳ. ಇವ್ರಿಬ್ರಿಗೆ ಏನ್ ಮಾಡ್ಲಿ?

---

ಬಳ್ಳಾರಿ ನಿವೃತ್ತ ಹೆಚ್‌ಎಂ:

'ಅತ್ತರೆ ಅಲುಗಾಡುತ್ತದೆ.' ಭೇಷ್. ಕಾಗುಣಿತ ಸರಿ ಮಾಡೀನಿ ಅಂದ್ಯಲ್ಲ ತಂಗಿ, ಎಷ್ಟು ತಪ್ಪಿದ್ವು ಅಂತ ಹೇಳ್ಲಿಲ್ಲ. ಅದನ್ನ ಆ ಹುಡುಗಿ ಕೈಲೇ ಸರಿ ಮಾಡಿಸು, ನೀ ಮಾಡಬೇಡ. ಇಷ್ಟು ಮಾತ್ರ ಬಿಡಲ್ಲ ನಾನು.

---

ಸಿರುಗುಪ್ಪ ಕಡೆಯವಳು:

ಆ ಮೂರು ಪುಟದ ಹುಡುಗನಿಗೆ ಬೈಬ್ಯಾಡ್ರಿ ಟೀಚರ್, ಮೊದಲು ಆರು ಸಾಲು ಬರೀತಿದ್ದವನು ಅಲ್ವಾ. ಅವನ ಮೂರು ಪುಟ ಅವನ ಎದುರಿಗೇ ಗುಂಪಿಗೆ ಓದಿಸಿ, ಕೇಳಿದೋರು ಪುಸ್ತಕ ಮುಚ್ಚಿದ ಮೇಲೆ ಏನು ನೆನಪುಳೀತು ಅಂತ ಒಂದೊಂದು ಹೇಳಲಿ. ಎಲ್ಲರೂ ಒಂದೇ ಅಂಗಡಿ ಹೇಳ್ತಾರೆ ನೋಡ್ರಿ, ಅದನ್ನೇ ಇಟ್ಕೊಂಡು ಅದೊಂದನ್ನ ಉದ್ದ ಮಾಡು ಅನ್ರಿ, ಉದ್ದ ಬರೆಯೋ ಆಸೆನೂ ತೀರುತ್ತೆ.

---

ಸಿಂಧನೂರು ಮಾಸ್ತರ:

ಸಿರುಗುಪ್ಪ ಮೇಡಂ ಹೇಳಿದ್ದು ಸರಿ ಐತಿ. ಆ ಕೈ ಹಚ್ಚದ ಹುಡುಗಿನ ಹಂಗೇ ಬಿಡ್ರಿ. ಖರೇನ ಹೇಳ್ತೀನಿ, ಬರ್ದಿದ್ದೆಲ್ಲಾ ತಿದ್ದಿಸಾಕ ಹತ್ತಿದ್ರ ಅದೂ ಒಂದು ಹೋಮ್‌ವರ್ಕ್ ಆಗ್ತೈತಿ, ಹುಡುಗ್ರು ಬ್ಯಾಸರ ಆಗಿ ಮೊದ್ಲಿನ ಸಲಾನೇ ಉದ್ದೇಶಪೂರ್ವಕ ಕೆಟ್ಟದಾಗಿ ಬರ್ದು ಎರಡನೇ ಸಲ ಸರಿ ಮಾಡಿ ತೋರ್ಸೋ ಜಾಣತನ ಕಲೀತಾರ, ನಮ್ಮಲ್ಲಿ ಒಬ್ಬ ಕಲ್ತಾನ. ಮೂರು ನಾಲ್ಕು ಕಥಿ ಬರ್ದ ಮ್ಯಾಲ ಅದ್ರಾಗ ನಿನಗ ಬೇಕಾದ್ದು ಒಂದು ಆರಿಸ್ಕೊ, ಅದನ್ನ ಅಷ್ಟೇ ತಿದ್ದೋಣ ಅನ್ರಿ. ಆಕಿಗೆ ಈ ಕಥಿ ಹಿಂಗೇ ಬೇಕಂದ್ರ ಹಿಂಗೇ ಇರ್ಲಿ, ಯಾಕ ಬೇಕು ಅಂತ ಎರಡು ಸಾಲು ಬರ್ದು ಕೊಡು ಅನ್ರಿ, ಸಿಟ್ಟಿಂದ ಅಲ್ಲ, ಖರೇನ ಕೇಳ್ರಿ. ಚುರುಕು ಇರೋ ಹುಡುಗಿ, ಏನೋ ಕಾರಣ ಇರ್ತೈತಿ. ಬ್ಯಾರೆಯವ್ರ ಕಥಿಗೆ ಪ್ರಶ್ನಿ ಕೇಳಾಕ ಮಾತ್ರ ಆಕಿನ ಎಲ್ಲಾ ಗುಂಪಿಗೂ ಕಳಸ್ರಿ.

ಹಾಂ, ಒಂದು ಹೇಳೋದು ಮರ್ತಿದ್ದೆ. ಚೀಟಿ ಅಂಟಿಸಾಕ ಗೋಂದು ಬ್ಯಾಡ್ರಿ, ಮೈದಾ ಅಂಟಂತೂ ಬ್ಯಾಡೇ ಬ್ಯಾಡ. ಕೃತಿ ಸಂಪುಟ ಬೀರುದಾಗ ಇಡ್ತೀರಲ್ಲ, ಇಲಿ ಜಿರಳಿ ಬರ್ತಾವ. ಸ್ಟೇಪ್ಲರ್ ಹೊಡೀರಿ, ಪಿನ್ನು ಹಿಂದಿನ ಬದಿಗೆ ಸರಿಯಾಗಿ ಮಡಚೇತೋ ಇಲ್ಲೋ ನೋಡ್ರಿ, ಹುಡುಗ್ರ ಬೆರಳಿಗೆ ಚುಚ್ತಾವ.